ವಸಡಿನ ನಂಜು: ಸತ್ತ ಮೇಲೂ ಕಾಡುವ ಬ್ಯಾಕ್ಟೀರಿಯಾ ಗೋಡೆಯ ವಿಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಸಡಿನ ಡಾಕ್ಟರು. ಓದಿದ್ದು ಹಲ್ಲಿನ ವೈದ್ಯಕೀಯವೇ, ಆದರೆ ದಿನದ ಹೆಚ್ಚು ಹೊತ್ತು ಹಲ್ಲಿನ ಬುಡದಲ್ಲೇ ಕಳೆಯುತ್ತದೆ. ಕುರ್ಚಿ ಮೇಲೆ ಕೂತವರು ಬಾಯಿ ತೆರೆಯುವ ಮುಂಚೆ ಕೇಳುವ ಪ್ರಶ್ನೆಗಳು, ಬಾಯಿ ಮುಕ್ಕಳಿಸಿ ಎದ್ದ ಮೇಲೆ ಕೇಳುವ ಪ್ರಶ್ನೆಗಳು ಎರಡೂ ಇಲ್ಲಿವೆ. ಮಧ್ಯದಲ್ಲಿ ಪಾಪ, ಕೇಳೋಕೆ ಆಗಲ್ಲ.

ಬ್ರಶ್ ಮಾಡುವಾಗ ರಕ್ತ ಬರುತ್ತೆ, ಆದರೆ ನೋವೇ ಇಲ್ಲ. ಇದನ್ನೂ ಕಾಯಿಲೆ ಅಂತಾರಾ?

ಅಂತಾರೆ. ನೋವಿಲ್ಲದಿರುವುದೇ ಇದರ ದೊಡ್ಡ ತೊಂದರೆ. ಹುಳುಕು ಹಲ್ಲು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ. ವಸಡಿನ ಕಾಯಿಲೆ ಹಾಗಲ್ಲ, ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ.

ನಾವು ನೋಡುವುದು ಹೀಗೆ. ಒಂದು ತೆಳ್ಳನೆ ಉಪಕರಣ ಇದೆ, ಪ್ರೋಬ್ ಅಂತ. ಅದರ ತುದಿಯಲ್ಲಿ ಅರ್ಧ ಮಿಲಿಮೀಟರಿನ ಪುಟ್ಟ ಗುಂಡು. ಸ್ವಲ್ಪ ಮೇಲೆ ಒಂದು ಕಪ್ಪು ಪಟ್ಟಿ, 3.5 ಮಿಲಿಮೀಟರಿನಿಂದ 5.5ರವರೆಗೆ. ಅದನ್ನು ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಮೆಲ್ಲಗೆ ಇಳಿಸಿ, ಹಲ್ಲಿನ ಸುತ್ತ ಹೆಜ್ಜೆ ಹಾಕಿಸಿದ ಹಾಗೆ ನಡೆಸುತ್ತೇವೆ. ಕಪ್ಪು ಪಟ್ಟಿ ಪೂರ್ತಿ ಹೊರಗೆ ಕಂಡರೆ ಸಮಾಧಾನ. ಪಟ್ಟಿ ವಸಡಿನೊಳಗೆ ಮುಳುಗುತ್ತಾ ಹೋದರೆ ಅಲ್ಲಿ ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವೆ ಆಳದ ಗುಳಿ, ಆಗಿದೆ ಅಂತ ಅರ್ಥ. ಪ್ರೋಬ್ ತೆಗೆದ ಮೇಲೆ ಕೆಲವು ಸೆಕೆಂಡು ಕಾಯುತ್ತೇವೆ. ವಸಡಿನ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಮೂಡಿ, ನಿಧಾನವಾಗಿ ಹಲ್ಲಿನ ಬಿಳುಪಿನ ಮೇಲೆ ಹರಡುತ್ತದೆ. ಆ ಚುಕ್ಕೆ ಬಂದ ಕಡೆ ಒಳಗೆ ಗಾಯ ಇದೆ.

ಮೂಳೆಗೆ ಏನೂ ಆಗದೆ ವಸಡು ಮಾತ್ರ ಊದಿ ರಕ್ತ ಬರುತ್ತಿದ್ದರೆ ಅದು ಜಿಂಜಿವೈಟಿಸ್. ಅದು ಪೂರ್ತಿ ವಾಸಿಯಾಗುತ್ತದೆ. ಹಲ್ಲು ಹಿಡಿದಿರುವ ನಾರು, ಮೂಳೆ ಕರಗಲು ಶುರುವಾಗಿದ್ದರೆ ಪೆರಿಯೊಡಾಂಟೈಟಿಸ್. ಆಮೇಲೆ ಮಾತು ಬೇರೆ.

ಎಷ್ಟು ದಿನ ಹಲ್ಲುಜ್ಜದಿದ್ದರೆ ವಸಡು ಕೆಡುತ್ತೆ?

ಇದನ್ನು ಮನುಷ್ಯರ ಮೇಲೆಯೇ ನೋಡಿದ್ದಾರೆ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಗಾರರು ಡೆನ್ಮಾರ್ಕಿನಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಒಳ್ಳೆ ವಸಡಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಅಂದರು. 10ರಿಂದ 21 ದಿನದೊಳಗೆ ಎಲ್ಲರಿಗೂ ವಸಡು ಕೆಂಪಾಗಿ ಊದಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು.

ಅದಕ್ಕೂ ಮುಂಚೆ ವಸಡು ಕೆಡುವುದಕ್ಕೆ ವಿಟಮಿನ್ ಕೊರತೆ, ವಯಸ್ಸು, ದೇಹಪ್ರಕೃತಿ ಅಂತ ಏನೇನೋ ಕಾರಣ ಹೇಳುತ್ತಿದ್ದರು. ಈ ಹನ್ನೆರಡು ಜನರ ಊದಿದ ವಸಡು ಆ ಮಾತನ್ನೆಲ್ಲ ಬದಿಗೆ ಸರಿಸಿತು. ಹಲ್ಲಿನ ಮೇಲೆ ಕೂತ ಪಾಚಿಯೇ ಮೊದಲ ಕಾರಣ. ನಾನು ಪಾಚಿ ಅಂದದ್ದು ಪ್ಲಾಕ್‌ಗೆ. ಉಗುರಲ್ಲಿ ಕೆರೆದರೆ ಮೆತ್ತಗೆ, ಬಿಳಿ ಬಿಳಿಯಾಗಿ ಬರುತ್ತಲ್ಲ, ಅದು. ಅದೇ ಎಂಜಲಿನ ಸುಣ್ಣದಂಶ ಹೀರಿ ಗಟ್ಟಿಯಾದರೆ ಗಾರೆ.

ಪಾಚಿಯಲ್ಲಿ ಅಂಥದ್ದೇನಿದೆ? 'ಗೋಡೆಯ ವಿಷ' ಅಂದರೆ ಏನು?

ಪಾಚಿ ಅಂದರೆ ಹಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳ ಕೇರಿ. ಬ್ಯಾಕ್ಟೀರಿಯಾಗಳಲ್ಲಿ ಎರಡು ದೊಡ್ಡ ಜಾತಿ ಮಾಡಿದ್ದು ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಎಂಬ ಡೆನ್ಮಾರ್ಕಿನ ವೈದ್ಯ, 1884ರಲ್ಲಿ. ನೇರಳೆ ಬಣ್ಣ ಹಾಕಿ ತೊಳೆದಾಗ ಬಣ್ಣ ಬಿಡದೆ ಹಿಡಿದುಕೊಂಡವು ಗ್ರಾಂ ಪಾಸಿಟಿವ್, ಬಿಟ್ಟುಕೊಟ್ಟವು ಗ್ರಾಂ ನೆಗೆಟಿವ್. ಬಣ್ಣದ ಈ ಆಟಕ್ಕೆ ಕಾರಣ ಅವುಗಳ ಗೋಡೆ. ಗ್ರಾಂ ನೆಗೆಟಿವ್‌ಗಳಿಗೆ ಗೋಡೆಯ ಆಚೆ ಇನ್ನೊಂದು ಹೊರಪೊರೆ ಇರುತ್ತದೆ. ಆ ಪೊರೆಯ ಮೇಲೆಲ್ಲ ಲಿಪೊಪಾಲಿಸ್ಯಾಕರೈಡ್ ಎಂಬ ಅಣುಗಳು. ಉದ್ದ ಹೆಸರು, ಎಲ್‌ಪಿಎಸ್ ಅನ್ನೋಣ.

ಹಲಸಿನ ಹಣ್ಣಿನ ಮೈ ನೆನಪಿಸಿಕೊಳ್ಳಿ. ಮೈತುಂಬ ಮುಳ್ಳು. ಎಲ್‌ಪಿಎಸ್ ಹಾಗೆಯೇ ಒತ್ತೊತ್ತಾಗಿ ನಿಂತಿರುತ್ತದೆ. ನಮ್ಮ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾದ ಒಂದೇ ಒಂದು ಕಣದ ಮೇಲೆ ಇಂಥವು ಹತ್ತು ಲಕ್ಷಕ್ಕೂ ಜಾಸ್ತಿ. ಒಂದೊಂದಕ್ಕೂ ಮೂರು ಭಾಗ. ಹೊರಗೆ ಚಾಚಿದ ಸಕ್ಕರೆಯ ಸರಪಳಿ, ನಡುವೆ ಒಂದು ತುಂಡು, ಪೊರೆಯೊಳಗೆ ಬೇರು ಬಿಟ್ಟಿರುವ ಕೊಬ್ಬಿನ ಭಾಗ. ಈ ಬೇರಿನ ಹೆಸರು ಲಿಪಿಡ್ ಎ. ವಿಷದ ಗುಣ ಇರುವುದು ಇಲ್ಲೇ.

ಇದನ್ನ ಎಂಡೋಟಾಕ್ಸಿನ್ ಅಂತಾನೂ ಕರೀತಾರಲ್ವಾ?

ಹೌದು, ಎರಡೂ ಒಂದೇ. ಆ ಹೆಸರಿನ ಹಿಂದೆ ಒಂದು ತಮಾಷೆ ಇದೆ. 1892ರಲ್ಲಿ ರಿಚರ್ಡ್ ಫೈಫರ್ ಬರ್ಲಿನ್‌ನಲ್ಲಿ, ರಾಬರ್ಟ್ ಕಾಖ್ ಅವರ ಸಂಸ್ಥೆಯಲ್ಲಿ, ಕಾಲರಾ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತಿದ್ದರು. ಬಿಸಿ ಮಾಡಿ ಕೊಂದ ಬ್ಯಾಕ್ಟೀರಿಯಾಗಳನ್ನು ಗಿನಿ ಹಂದಿಗಳಿಗೆ ಚುಚ್ಚಿದರೂ ಅವು ಸತ್ತವು. ಅಂದರೆ ಬ್ಯಾಕ್ಟೀರಿಯಾ ಉಗುಳುವ ವಿಷವಲ್ಲ, ಅದರ ಮೈಯಲ್ಲೇ ಇರುವ ವಿಷ. ಒಳಗಿನ ವಿಷ ಎಂಬ ಅರ್ಥದಲ್ಲಿ ಎಂಡೋಟಾಕ್ಸಿನ್ ಅಂದರು. ಆಮೇಲೆ ನೋಡಿದರೆ ಅದು ಇದ್ದದ್ದು ಒಳಗಲ್ಲ, ಎಲ್ಲಕ್ಕಿಂತ ಹೊರಗಿನ ಪೊರೆಯಲ್ಲಿ! ಹೆಸರು ಮಾತ್ರ ಹಾಗೇ ಉಳಿಯಿತು.

ಬ್ಯಾಕ್ಟೀರಿಯಾ ಸತ್ತ ಮೇಲೂ ವಿಷ ಉಳಿಯುತ್ತೆ ಅಂದರೆ ಹೇಗೆ? ಕುದಿಸಿದರೂ ಹೋಗಲ್ವಾ?

ಹೋಗುವುದಿಲ್ಲ. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಲ್‌ಪಿಎಸ್ ಉಳಿಯುತ್ತದೆ. ಆಸ್ಪತ್ರೆಯ ಆಟೋಕ್ಲೇವ್‌ನ 121 ಡಿಗ್ರಿ ಹಬೆಗೂ ಅದು ಸುಲಭಕ್ಕೆ ಬಗ್ಗಲ್ಲ. ಗಾಜಿನ ಸಾಮಾನಿನಿಂದ ಅದನ್ನು ಪೂರ್ತಿ ತೆಗೆಯಬೇಕಾದರೆ 250 ಡಿಗ್ರಿ ಒಣಶಾಖದಲ್ಲಿ ಅರ್ಧ ಗಂಟೆ ಇಡುತ್ತಾರೆ.

ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೆ ರೋಗಿ ಗಡಗಡ ನಡುಗಿ ಜ್ವರ ಬಂದದ್ದನ್ನು ಹಳಬರು ನೋಡಿರುತ್ತಾರೆ. ಅದಕ್ಕೆ ಕಾರಣಗಳಲ್ಲಿ ಒಂದು ಇದೇ ವಿಷ. ಬಾಟಲಿಯಲ್ಲಿ ಜೀವಂತ ಕ್ರಿಮಿ ಒಂದೂ ಇಲ್ಲದಿದ್ದರೂ ಸತ್ತವುಗಳ ಗೋಡೆಯ ಚೂರು ಸಾಕು. ಅದಕ್ಕೇ ಇಂಜೆಕ್ಷನ್ ಔಷಧಿಗಳನ್ನು ಎಂಡೋಟಾಕ್ಸಿನ್ ಇದೆಯಾ ಅಂತ ಪರೀಕ್ಷಿಸಿಯೇ ಹೊರಗೆ ಬಿಡುವುದು. ಆ ಪರೀಕ್ಷೆಗೆ ದಶಕಗಳಿಂದ ಬಳಸುತ್ತಿರುವುದು ಕುದುರೆ ಲಾಳದ ಆಕಾರದ ಒಂದು ಸಮುದ್ರಜೀವಿಯ ನೀಲಿ ರಕ್ತವನ್ನು. ಈ ವಿಷ ಒಂಚೂರು ಸೋಕಿದರೂ ಆ ರಕ್ತ ಹೆಪ್ಪುಗಟ್ಟುತ್ತದೆ. ಫ್ರೆಡರಿಕ್ ಬ್ಯಾಂಗ್, ಜ್ಯಾಕ್ ಲೆವಿನ್ ಎಂಬ ಇಬ್ಬರು ಅಮೆರಿಕದಲ್ಲಿ ಕಂಡುಕೊಂಡದ್ದು.

ಈ ಮಾತನ್ನು ಇಲ್ಲಿ ಎಳೆದು ತಂದದ್ದು ಸುಮ್ನೆ ಅಲ್ಲ. ಕೊಂದರೆ ಮುಗಿಯಿತು ಅನ್ನುವ ಲೆಕ್ಕ ವಸಡಿನಲ್ಲೂ ನಡೆಯುವುದಿಲ್ಲ. ಕೊಂದದ್ದನ್ನು ಅಲ್ಲಿಂದ ಎತ್ತಿ ಹಾಕಬೇಕು. ಮುಂದೆ ಮಾತ್ರೆ, ಮೌತ್‌ವಾಶ್ ಪ್ರಶ್ನೆ ಬಂದಾಗ ಇದೇ ಉತ್ತರ.

ಹಾಗಾದರೆ ಈ ವಿಷವೇ ಹಲ್ಲಿನ ಮೂಳೆ ತಿನ್ನುತ್ತಾ?

ಇಲ್ಲ. ತಿನ್ನುವುದು ನಮ್ಮ ದೇಹವೇ. ಇದನ್ನು ಕೇಳಿದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಕನ್ನಡದ 'ನಂಜು' ಅನ್ನುವ ಮಾತು ನನಗೆ ಇದಕ್ಕೇ ಇಷ್ಟ. ವಿಷಕ್ಕೂ ನಂಜು ಅಂತೇವೆ, ಆ ವಿಷಕ್ಕೆ ಮೈ ಊದಿ ಕೆಂಪಾಗಿ ಕೀವು ತುಂಬುವುದಕ್ಕೂ ನಂಜು ಅಂತೇವೆ. ವಸಡಿನ ಕಾಯಿಲೆಯಲ್ಲಿ ಮೊದಲನೆಯದು ಬ್ಯಾಕ್ಟೀರಿಯಾದ್ದು, ಎರಡನೆಯದು ನಮ್ಮದು.

ಆಗುವುದು ಹೀಗೆ. ಗೋಡೆಯಿಂದ ಕಳಚಿದ ಎಲ್‌ಪಿಎಸ್ ಚೂರುಗಳು ವಸಡಿನ ಅಂಚಿನೊಳಗೆ ಇಳಿಯುತ್ತವೆ. ಬ್ಯಾಕ್ಟೀರಿಯಾ ಬದುಕಿದ್ದಾಗಲೂ ತನ್ನ ಹೊರಪೊರೆಯಿಂದ ಸಣ್ಣ ಸಣ್ಣ ಗುಳ್ಳೆಗಳನ್ನು ಉದುರಿಸುತ್ತಲೇ ಇರುತ್ತದೆ, ಅವುಗಳಲ್ಲೂ ಈ ವಿಷ ಇದೆ. ನಮ್ಮ ರಕ್ಷಣಾ ಕಣಗಳ ಮೈಮೇಲೆ ಇದನ್ನು ಗುರುತಿಸುವ ಒಂದು ಕರೆಗಂಟೆ ಇದೆ, ಹೆಸರು ಟಿಎಲ್‌ಆರ್4. ಎಲ್‌ಪಿಎಸ್ ಅದನ್ನು ಒತ್ತುತ್ತದೆ ಎಂದು ತೋರಿಸಿದ್ದು ಬ್ರೂಸ್ ಬ್ಯೂಟ್ಲರ್ ತಂಡ, 1998ರಲ್ಲಿ. ಎಲ್‌ಪಿಎಸ್ ಕೊಟ್ಟರೂ ಜಗ್ಗದ ಒಂದು ಇಲಿ ತಳಿ ಅವರ ಬಳಿ ಇತ್ತು. ಅದರಲ್ಲಿ ಏನು ಕೆಟ್ಟಿದೆ ಅಂತ ವರ್ಷಗಟ್ಟಲೆ ಹುಡುಕಿದಾಗ ಸಿಕ್ಕಿದ್ದು ಈ ಗಂಟೆ. ಇಲಿಯಲ್ಲಿ ಗಂಟೆಯೇ ಕೆಟ್ಟಿತ್ತು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಗಂಟೆ ಬಡಿದ ಕೂಡಲೇ ಕಣಗಳು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್, ಪ್ರೋಸ್ಟಗ್ಲಾಂಡಿನ್ ಎಂಬ ತುರ್ತು ಸಂದೇಶಗಳನ್ನು ಕಳಿಸುತ್ತವೆ. ರಕ್ತನಾಳ ಹಿಗ್ಗಿ ವಸಡು ಕೆಂಪಾಗುತ್ತದೆ, ಊದುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ದಂಡುದಂಡಾಗಿ ಬರುತ್ತವೆ. ಅವು ಹೊತ್ತು ತಂದ ಕತ್ತರಿಗಳಲ್ಲಿ ಒಂದು ಕೊಲ್ಯಾಜೆನೇಸ್. ಬ್ಯಾಕ್ಟೀರಿಯಾ ಹುಡುಕಿಕೊಂಡು ಹೋಗುವ ದಾರಿಯಲ್ಲಿ ಅದು ಹಲ್ಲು ಹಿಡಿದಿರುವ ನಾರುಗಳನ್ನೂ ಕತ್ತರಿಸುತ್ತದೆ. ಉರಿ ಇನ್ನಷ್ಟು ಆಳಕ್ಕಿಳಿದರೆ ರ‍್ಯಾಂಕ್‌ಎಲ್ ಎಂಬ ಸಂದೇಶ ಜಾಸ್ತಿಯಾಗಿ, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕಣಗಳು ಎದ್ದು ಕೂರುತ್ತವೆ. ಕೈಬೆರಳಿಗೆ ಮುಳ್ಳು ಚುಚ್ಚಿದ್ದರೆ ಇದೇ ದಂಡು ಮುಳ್ಳಿನ ಸುತ್ತ ಕೀವು ಕಟ್ಟಿ ಹೊರಗೆ ಹಾಕುತ್ತಿತ್ತು. ಇಲ್ಲಿ ಮುಳ್ಳು ಹಲ್ಲಿಗೆ ಅಂಟಿದೆ, ದಿನಾ ಹೊಸದಾಗಿ ಬೆಳೆಯುತ್ತದೆ. ಯುದ್ಧ ಮುಗಿಯುವುದೇ ಇಲ್ಲ.

ಮೂಳೆ ಹಿಂದೆ ಸರಿಯುವುದಕ್ಕೆ ಒಂದು ಅರ್ಥವೂ ಇದೆ ಅನ್ನಿಸುತ್ತದೆ ನನಗೆ. ವಿಷ ಇರುವ ಜಾಗದಿಂದ ಮೂಳೆ ದೂರ ಓಡುತ್ತದೆ. ಹಲ್ಲು ಹೋದರೂ ಪರವಾಗಿಲ್ಲ, ದವಡೆ ಉಳಿಯಲಿ ಅನ್ನುವ ಲೆಕ್ಕಾಚಾರ.

ನಮ್ಮ ಮಾವ ಬ್ರಶ್ಶೇ ಮುಟ್ಟಲ್ಲ, ಎಪ್ಪತ್ತರಲ್ಲೂ ಕಬ್ಬು ಸಿಗಿದು ತಿಂತಾರೆ. ನನಗೆ ನಲವತ್ತಕ್ಕೇ ಹಲ್ಲು ಅಲ್ಲಾಡ್ತಿದೆ. ಯಾಕೆ?

ನ್ಯಾಯವಾದ ದೂರು. ಉತ್ತರ ಶ್ರೀಲಂಕಾದ ಚಹಾ ತೋಟಗಳಲ್ಲಿದೆ.

ಅದೇ ಹೆರಾಲ್ಡ್ ಲೋ ಮತ್ತು ಸಂಗಡಿಗರು 1970ರಿಂದ 1985ರವರೆಗೆ ಅಲ್ಲಿನ 480 ತೋಟದ ಕಾರ್ಮಿಕರ ಬಾಯಿ ನೋಡುತ್ತಾ ಬಂದರು. ಎಲ್ಲ ಗಂಡಸರು. ಹಲ್ಲುಜ್ಜುವ ಅಭ್ಯಾಸವಿಲ್ಲ, ಹಲ್ಲಿನ ಚಿಕಿತ್ಸೆ ಅನ್ನುವುದೇ ಇಲ್ಲ. ಎಲ್ಲರಿಗೂ ಹಲ್ಲಿನ ತುಂಬ ಪಾಚಿ, ಗಾರೆ. ಎಲ್ಲರಿಗೂ ಹಲ್ಲು ಉದುರಬೇಕಿತ್ತು ಅಲ್ವಾ? ಆಗಿದ್ದೇ ಬೇರೆ. ಸುಮಾರು ನೂರಕ್ಕೆ 8 ಜನರಿಗೆ ಕಾಯಿಲೆ ಬಿರುಸಾಗಿ ಓಡಿತು. 81 ಜನರಿಗೆ ಮಧ್ಯಮ ವೇಗ. ಉಳಿದ 11 ಜನರಿಗೆ ವಸಡು ಊದಿದ್ದು ಬಿಟ್ಟರೆ ಮೂಳೆ ಕಡೆ ಹೋಗಲೇ ಇಲ್ಲ.

ಪಾಚಿ ಒಂದೇ, ಕೆಲಸ ಒಂದೇ, ಊಟ ಹೆಚ್ಚುಕಡಿಮೆ ಒಂದೇ. ಬೇರೆ ಇದ್ದದ್ದು ಬಹುಪಾಲು ಅವರವರ ದೇಹ ಆ ನಂಜಿಗೆ ಹೇಗೆ ಉತ್ತರ ಕೊಟ್ಟಿತು ಅನ್ನುವುದು. ನಿಮ್ಮ ಮಾವ ಆ 11ರ ಪೈಕಿ ಇರಬಹುದು. ನೀವು 8ರ ಪೈಕಿ ಇದ್ದರೆ ಅವರನ್ನು ನೋಡಿ ಬ್ರಶ್ ಬಿಡುವ ಹಾಗಿಲ್ಲ. ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬೇಗ ಹಲ್ಲು ಹೋಗಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಯಾವ ಬ್ಯಾಕ್ಟೀರಿಯಾ ಇದನ್ನೆಲ್ಲ ಮಾಡೋದು?

ಬಾಯಲ್ಲಿ ನೂರಾರು ಜಾತಿ ಇವೆ. ಆಳದ ಪಾಕೆಟ್‌ಗಳಲ್ಲಿ ಜೊತೆಜೊತೆಯಾಗಿ ಸಿಗುವ ಮೂರನ್ನು 1998ರಲ್ಲಿ ಸಿಗ್ಮಂಡ್ ಸೊಕ್ರಾನ್‌ಸ್ಕಿ ತಂಡ 'ಕೆಂಪು ಗುಂಪು' ಅಂತ ಕರೆಯಿತು: ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲ ಫೋರ್ಸಿಥಿಯಾ, ಟ್ರೆಪೊನೆಮಾ ಡೆಂಟಿಕೋಲಾ.

ಮೊದಲನೆಯದು ಮಹಾ ಕಿಲಾಡಿ. ರಕ್ತ ಬೆರೆಸಿದ ತಟ್ಟೆಯಲ್ಲಿ ಬೆಳೆಸಿದರೆ ಕೆಲವು ದಿನಕ್ಕೆ ಕಾಡಿಗೆಯಂಥ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ರಕ್ತದ ಕಬ್ಬಿಣದಂಶವನ್ನು ಮೈಮೇಲೆ ಕೂಡಿಟ್ಟುಕೊಂಡದ್ದಕ್ಕೆ ಆ ಬಣ್ಣ. ಅಂದರೆ ವಸಡಿನಿಂದ ರಕ್ತ ಸೋರಿದಷ್ಟೂ ಅದಕ್ಕೆ ಹಬ್ಬದೂಟ.

ಇನ್ನೂ ವಿಚಿತ್ರ ಅದರ ಗೋಡೆಯ ವಿಷ. ಇ. ಕೋಲೈನ ಲಿಪಿಡ್ ಎಗೆ ಆರು ಕೊಬ್ಬಿನ ಬಾಲಗಳು, ಅದು ಕರೆಗಂಟೆಯನ್ನು ಜೋರಾಗಿ ಬಾರಿಸುತ್ತದೆ. ಜಿಂಜಿವಾಲಿಸ್‌ನದಕ್ಕೆ ನಾಲ್ಕೋ ಐದೋ ಬಾಲ. ಐದು ಬಾಲದ್ದು ಗಂಟೆಯನ್ನು ಮೆಲ್ಲಗೆ ಬಾರಿಸುತ್ತದೆ. ನಾಲ್ಕು ಬಾಲದ್ದು ಗಂಟೆಯ ಮೇಲೆ ಕೈ ಇಟ್ಟು ಸದ್ದೇ ಬರದ ಹಾಗೆ ಮಾಡಬಲ್ಲದು. ಸುತ್ತ ಎಷ್ಟು ರಕ್ತದಂಶ ಇದೆ ಅನ್ನುವುದನ್ನು ನೋಡಿಕೊಂಡು ಅದು ಬಾಲ ಬದಲಾಯಿಸುತ್ತದೆ. ಕಾವಲುಗಾರನಿಗೆ ಮಂಕುಬೂದಿ ಎರಚಿ ಉಳಿದ ಕಳ್ಳರಿಗೆ ಬಾಗಿಲು ತೆರೆದುಕೊಟ್ಟ ಹಾಗೆ. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಇಡೀ ಕೇರಿಯ ನಡತೆ ಕೆಡಿಸುತ್ತದೆ ಅನ್ನುವುದು ಇದಕ್ಕೇ.

ಗ್ರಾಂ ಪಾಸಿಟಿವ್‌ಗಳು ಸಾಧುಗಳಾ?

ಪೂರ್ತಿ ಅಲ್ಲ. ಅವಕ್ಕೆ ಎಲ್‌ಪಿಎಸ್ ಇಲ್ಲ, ಆದರೆ ದಪ್ಪ ಗೋಡೆಯ ಪೆಪ್ಟಿಡೊಗ್ಲೈಕನ್, ಲಿಪೊಟೈಕೋಯಿಕ್ ಆಮ್ಲ ಇವೆ. ಇವು ಬೇರೆ ಗಂಟೆಗಳನ್ನು ಬಾರಿಸುತ್ತವೆ. ವಸಡು ಊದುವುದರಲ್ಲಿ ಅವುಗಳದ್ದೂ ಪಾಲಿದೆ.

ಡಾಕ್ಟ್ರೇ, ಕ್ಲೀನಿಂಗ್ ಎಲ್ಲ ಬೇಡ, ಒಳ್ಳೆ ಆಂಟಿಬಯೋಟಿಕ್ ಬರೆದುಕೊಡಿ ಸಾಕು.

ವಾರಕ್ಕೆ ನಾಲ್ಕು ಸಲ ಕೇಳುವ ಮಾತು. ಮೆಡಿಕಲ್ ಶಾಪಿನಿಂದ ತಾವೇ ಮೂರು ದಿನದ ಮಾತ್ರೆ ತಂದು ನುಂಗಿ, ಊತ ಇಳಿದ ಮೇಲೆ ಮರೆತು, ಆರು ತಿಂಗಳ ಮೇಲೆ ಅದೇ ಹಲ್ಲು ಕೈಯಲ್ಲಿ ಹಿಡಿದುಕೊಂಡು ಬಂದವರನ್ನೂ ನೋಡಿದ್ದೇನೆ.

ಪಾಚಿ ಅನ್ನುವುದು ಅಂಟಿನೊಳಗೆ ಹುದುಗಿದ ಪದರ. ಮಾತ್ರೆ ಅದರ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಇಳಿದು ಕೊಂದರೂ ಹೆಣಗಳು ಅಲ್ಲೇ, ಹೆಣದ ಗೋಡೆಯಲ್ಲಿ ವಿಷ ಹಾಗೇ. ಗಾರೆ ಅಲ್ಲೇ. ಕೆಲವು ಬಿರುಸಿನ ಕೇಸುಗಳಲ್ಲಿ, ಅದೂ ಚಿಕ್ಕ ವಯಸ್ಸಿನವರಲ್ಲಿ, ಕ್ಲೀನಿಂಗ್ ಜೊತೆಗೆ ಮಾತ್ರೆ ಕೊಡುತ್ತೇವೆ. ಜ್ವರ ಬಂದು ಮುಖ ಊದಿದ್ದರೂ ಕೊಡುತ್ತೇವೆ. ಕ್ಲೀನಿಂಗ್ ಬದಲಿಗೆ ಅಂತ ಕೊಡುವುದಿಲ್ಲ.

ಒಂದು ಮಾತ್ರೆಯ ಕಥೆ ಮಾತ್ರ ಬೇರೆ. ಡಾಕ್ಸಿಸೈಕ್ಲಿನ್ 20 ಮಿಲಿಗ್ರಾಂ, ದಿನಕ್ಕೆ ಎರಡು. ಅಷ್ಟು ಕಡಿಮೆ ಪ್ರಮಾಣದಲ್ಲಿ ಅದು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ನಮ್ಮದೇ ಕಣಗಳ ಕತ್ತರಿಯನ್ನು, ಆ ಕೊಲ್ಯಾಜೆನೇಸನ್ನು, ಮೊಂಡು ಮಾಡುತ್ತದೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದೂ ಕ್ಲೀನಿಂಗ್ ಜೊತೆಗೇ, ಮತ್ತು ಎಲ್ಲರಿಗೂ ಬೇಕಾಗುವುದಿಲ್ಲ.

ಮೌತ್‌ವಾಶ್, ಉಪ್ಪುನೀರು, ಎಣ್ಣೆ ಮುಕ್ಕಳಿಸೋದು?

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹೂಕ್ 1683ರಲ್ಲಿ ತನ್ನದೇ ಹಲ್ಲಿನ ಪಾಚಿ ಕೆರೆದು, ತಾನೇ ಮಾಡಿದ ಮಸೂರದಡಿ ಇಟ್ಟು, ಅದರಲ್ಲಿ ಪುಟಾಣಿ ಜೀವಿಗಳು ಓಡಾಡುವುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ದಿನಾ ಉಪ್ಪಿನಿಂದ ಹಲ್ಲು ತಿಕ್ಕುವ ಮನುಷ್ಯ ಅವನು, ನಮ್ಮ ತಾತಂದಿರ ಹಾಗೆ. ವಿನೆಗರ್ ಹಾಕಿಯೂ ನೋಡಿದ. ಪಾಚಿಯ ಹೊರಮೈಯಲ್ಲಿದ್ದವು ಮಾತ್ರ ಸತ್ತವು, ಒಳಗಿನವಕ್ಕೆ ತಾಗಲಿಲ್ಲ ಅಂತ ಅವನೇ ಬರೆದಿದ್ದಾನೆ. ಮೌತ್‌ವಾಶ್ ಬಗ್ಗೆ ನಾನು ಹೇಳುವುದೂ ಅಷ್ಟೇ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಒಳ್ಳೆ ಔಷಧಿ. ಆಪರೇಷನ್ ಆದ ಮೇಲೆ, ಬ್ರಶ್ ಹಾಕಲಾಗದ ಎರಡು ವಾರಕ್ಕೆ ಕೊಡುತ್ತೇವೆ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬಳಸಬೇಡಿ, ನೊರೆ ಬರಿಸುವ ಅಂಶ ಅದರ ಕೆಲಸ ಕೆಡಿಸುತ್ತದೆ. ಅರ್ಧ ಗಂಟೆ ಬಿಡಿ. ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದಾಗುತ್ತದೆ, ಸಾರಿನ ರುಚಿಯೂ ಕೆಡುತ್ತದೆ. ಬಿಸಿ ಉಪ್ಪುನೀರು ಊದಿದ ವಸಡಿಗೆ ಹಿತ, ಧಾರಾಳವಾಗಿ ಮಾಡಿ. ಎಣ್ಣೆ ಮುಕ್ಕಳಿಸಿದರೆ ನಷ್ಟವಿಲ್ಲ. ಐದು ಮಿಲಿಮೀಟರ್ ಆಳದ ಪಾಕೆಟ್ಟಿನೊಳಕ್ಕೆ ಮೂರರಲ್ಲಿ ಯಾವುದೂ ಹೋಗುವುದಿಲ್ಲ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಂತೆ. ನಿಜಾನಾ?

ಸುಳ್ಳು ಅಂತ ಒಂದೇ ಮಾತಲ್ಲಿ ಹೇಳಿದರೆ ನಿಮಗೆ ನಂಬಿಕೆ ಬರಲ್ಲ. ಹಾಗೆ ಅನ್ನಿಸುವುದಕ್ಕೆ ಕಾರಣ ಇದೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ನಾಲಗೆ ಆಡಿಸಿ ನೋಡಿ. ಎಂಜಲಿನ ಗ್ರಂಥಿ ಬಾಯಿ ತೆರೆಯುವುದು ಅಲ್ಲೇ ಹತ್ತಿರ, ಗಾರೆ ಜಾಸ್ತಿ ಕಟ್ಟುವುದೂ ಅಲ್ಲೇ. ಹಲವರಿಗೆ ಆರು ಹಲ್ಲೂ ಸೇರಿ ಒಂದೇ ಗೋಡೆ ಆಗಿರುತ್ತದೆ. ಮೂಳೆ ಎಂದೋ ಕರಗಿದ ಹಲ್ಲುಗಳನ್ನು ಆ ಗಾರೆಯೇ ಒಂದಕ್ಕೊಂದು ಕಟ್ಟಿ ನಿಲ್ಲಿಸಿರುತ್ತದೆ. ಗಾರೆ ತೆಗೆದ ಕೂಡಲೇ ಹಲ್ಲು ತನ್ನ ನಿಜ ಸ್ಥಿತಿ ತೋರಿಸುತ್ತದೆ. ಸಂದಿ ಕಾಣುತ್ತದೆ, ತಣ್ಣೀರು ಜುಂ ಅನ್ನುತ್ತದೆ. ಬೈಗುಳ ಡಾಕ್ಟರಿಗೆ.

ಒಂದು ತಪ್ಪನ್ನು ಮಾತ್ರ ನಮ್ಮ ಕಡೆಯವರು ಒಪ್ಪಿಕೊಳ್ಳಬೇಕು. ಎಂಡೋಟಾಕ್ಸಿನ್ ಬೇರಿನ ಮೈಯೊಳಗೆ ಆಳವಾಗಿ ಇಳಿದಿರುತ್ತದೆ, ಆ ಪದರವನ್ನೇ ಹೆರೆದು ತೆಗೆಯಬೇಕು ಅಂತ ಹಿಂದೆ ನಂಬಿದ್ದರು. ಬೇರು ಗಾಜಿನ ಹಾಗೆ ನುಣುಪಾಗುವವರೆಗೆ ಕೆರೆಯುವುದೇ ಒಳ್ಳೆ ಕೈಗುಣ. ಓದುವ ಕಾಲದಲ್ಲಿ ನಾನೂ ಹಾಗೇ ಕೆರೆದೆ. ಒಬ್ಬ ಮೇಷ್ಟ್ರು ಎರಡು ತಿಂಗಳು ಮಜ್ಜಿಗೆ ಕೂಡ ಕುಡಿಯಲಾಗದೆ ಒದ್ದಾಡಿದರು, ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಈಗಲೂ ನೆನಪಾದರೆ ಕೈ ಹಗುರ ಮಾಡಿಕೊಳ್ಳುತ್ತೇನೆ. 1986ರಲ್ಲೇ ಮೂರ್, ವಿಲ್ಸನ್, ಕೀಸರ್ ಎಂಬವರು ಕಿತ್ತ ಹಲ್ಲುಗಳ ಮೇಲೆ ಪರೀಕ್ಷೆ ಮಾಡಿದ್ದರು. ಬೇರಿನ ಮೇಲಿನ ಎಲ್‌ಪಿಎಸ್‌ನಲ್ಲಿ ನೂರಕ್ಕೆ 39 ಪಾಲು ಬರೀ ನೀರಲ್ಲಿ ತೊಳೆದರೇ ಹೋಯಿತು. ಇನ್ನು 60 ಪಾಲು ಒಂದು ನಿಮಿಷ ಬ್ರಶ್ ಮಾಡಿದಾಗ ಹೋಯಿತು. ವಿಷ ಮೇಲ್ಮೈಯಲ್ಲಿ ಸಡಿಲವಾಗಿ ಕೂತಿರುತ್ತದೆ ಅಷ್ಟೇ. ಆದ್ದರಿಂದ ಈಗ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಗಾರೆ ಬಿಡಿಸಿ, ನೀರಿನಿಂದ ತೊಳೆದು, ಬೇರನ್ನು ಆದಷ್ಟು ಹಾಗೇ ಬಿಡುತ್ತೇವೆ.

ವಸಡು ನಂಜಾದಾಗ ಬದನೆಕಾಯಿ, ನುಗ್ಗೆಕಾಯಿ ತಿನ್ನಬಾರದಾ?

ಅಜ್ಜಿಯರ ಜೊತೆ ಜಗಳ ಬೇಡ, ನಾಲ್ಕು ದಿನ ಬಿಟ್ಟರೆ ಏನೂ ಆಗಲ್ಲ. ಈ ನಂಜು ಮಾತ್ರ ಬದನೆಕಾಯಿಯಿಂದ ಬಂದದ್ದಲ್ಲ.

ಸಿಗರೇಟ್ ಸೇದ್ತೀನಿ, ಆದರೆ ನನಗೆ ರಕ್ತ ಬರೋದೇ ಇಲ್ಲ.

ಅದೇ ಭಯ. ಹೊಗೆಸೊಪ್ಪು ವಸಡಿನ ರಕ್ತ ಸುರಿಯುವ ಗುಣವನ್ನು ಅಡಗಿಸುತ್ತದೆ. ಮೇಲೆ ವಸಡು ಗಟ್ಟಿಯಾಗಿ, ಪೇಲವವಾಗಿ ಕಾಣುತ್ತದೆ. ಒಳಗೆ ಎಕ್ಸ್‌ರೇ ತೆಗೆದರೆ ಮೂಳೆ ಅರ್ಧ ಇರುವುದಿಲ್ಲ. ಎಚ್ಚರಿಕೆಯ ಗಂಟೆಗೇ ಬಟ್ಟೆ ತುರುಕಿದ ಹಾಗೆ. ಬಿಟ್ಟ ಕೆಲವು ವಾರಕ್ಕೆ ರಕ್ತ ಬರಲು ಶುರುವಾದರೆ ಗಾಬರಿಯಾಗಬೇಡಿ, ವಸಡಿಗೆ ಜೀವ ಬರುತ್ತಿದೆ. ಕಡ್ಡಿಪುಡಿ, ಗುಟ್ಕಾ ಇಡುವವರಿಗೆ ಇಟ್ಟ ಜಾಗದಲ್ಲೇ ವಸಡು ಕೆಳಗೆ ಜಾರಿ ಬೇರು ಕಾಣುತ್ತದೆ. ಕ್ಯಾನ್ಸರಿನ ಮಾತು ಬೇರೆ ಹೇಳಬೇಕಿಲ್ಲ.

ಶುಗರ್ ಇದೆ. ವಸಡಿಗೂ ಅದಕ್ಕೂ ಏನು ಸಂಬಂಧ?

ಎರಡು ಕಡೆಯಿಂದಲೂ ಸಂಬಂಧ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಅದೇ ಎಲ್‌ಪಿಎಸ್‌ಗೆ ದೇಹ ಇನ್ನೂ ಜಾಸ್ತಿ ರೇಗುತ್ತದೆ, ಗಾಯ ಮಾಯುವುದೂ ನಿಧಾನ. ಆ ಕಡೆಯಿಂದ, ವಸಡಿನ ಉರಿಯೂತದ ಸಂದೇಶಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ವಸಡಿನ ಚಿಕಿತ್ಸೆ ಆದ ಮೂರ್ನಾಲ್ಕು ತಿಂಗಳಿಗೆ, ಎರಡು ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ಎಚ್‌ಬಿಎ1ಸಿ ಸರಾಸರಿ ಸುಮಾರು 0.4ರಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡಿದೆ. 8.2 ಇದ್ದವರಿಗೆ 7.8. ಮಾತ್ರೆ ನಿಲ್ಲಿಸುವಷ್ಟಲ್ಲ, ಆದರೆ ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ.

ಹಾರ್ಟ್ ಅಟ್ಯಾಕ್, ಮರೆವಿನ ಕಾಯಿಲೆ ಎಲ್ಲ ಇದರಿಂದಲೇ ಬರುತ್ತೆ ಅಂತ ಯೂಟ್ಯೂಬಲ್ಲಿ ಹೇಳ್ತಾರೆ?

ವಸಡು ಕೆಟ್ಟವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುತ್ತದೆ, ಅದು ನಿಜ. ಗಾಯದ ಮೂಲಕ ಬ್ಯಾಕ್ಟೀರಿಯಾ, ಎಲ್‌ಪಿಎಸ್ ರಕ್ತಕ್ಕೆ ಸೇರುತ್ತವೆ ಅನ್ನುವುದೂ ನಿಜ. ವಸಡು ಸರಿಮಾಡಿಸಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಎಂದು ಮಾತ್ರ ಯಾರೂ ತೋರಿಸಿಲ್ಲ. ಜೊತೆಗೆ ಸಿಗರೇಟ್, ಶುಗರ್ ಎರಡಕ್ಕೂ ಕಾರಣ ಆಗಿರುತ್ತವೆ. ಆಲ್‌ಝೈಮರ್ಸ್ ವಿಷಯಕ್ಕೆ ಬಂದರೆ, ಜಿಂಜಿವಾಲಿಸ್‌ನ ಕಿಣ್ವವನ್ನು ತಡೆಯುವ ಒಂದು ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಬಂತು, ಮುಖ್ಯ ಗುರಿ ಮುಟ್ಟಲಿಲ್ಲ. ಹಲ್ಲು ಉಳಿಸಿಕೊಳ್ಳುವುದೇ ಸಾಕಷ್ಟು ದೊಡ್ಡ ಕಾರಣ, ಮೇಲೆ ಹೆದರಿಕೆ ಬೇಕಿಲ್ಲ.

ಬಸುರಿ ಹೆಂಗಸರಿಗೆ ವಸಡು ಊದುತ್ತೆ, ಮಗು ಆದ ಮೇಲೆ ನೋಡೋಣ ಅಂತಾರೆ ಮನೇಲಿ.

ಹಾರ್ಮೋನು ಏರಿದಾಗ ಅಷ್ಟೇ ಪಾಚಿಗೆ ವಸಡು ಇನ್ನೂ ಜಾಸ್ತಿ ಊದುತ್ತದೆ. ಕಾಯಬೇಕಿಲ್ಲ. ನಾಲ್ಕರಿಂದ ಆರನೇ ತಿಂಗಳಲ್ಲಿ ಕ್ಲೀನಿಂಗ್ ಮಾಡಿಸುವುದು ಅನುಕೂಲ, ಮಗುವಿಗೆ ತೊಂದರೆ ಇಲ್ಲ. ಬಸುರಿ ಅಂತ ಮೊದಲೇ ಹೇಳಿ.

ಕರಗಿದ ಮೂಳೆ ವಾಪಸ್ ಬರುತ್ತಾ?

ಹೆಚ್ಚಾಗಿ ಇಲ್ಲ. ವಿಷ ತೆಗೆದರೆ ಯುದ್ಧ ನಿಲ್ಲುತ್ತದೆ, ವಸಡು ಬಿಗಿಯಾಗುತ್ತದೆ, ಪಾಕೆಟ್ ಆಳ ಕಡಿಮೆಯಾಗುತ್ತದೆ, ಅಲ್ಲಾಡುವುದೂ ಸ್ವಲ್ಪ ತಗ್ಗುತ್ತದೆ. ಬಾವಿಯ ಹಾಗೆ ಕಿರಿದಾಗಿ ಆಳಕ್ಕೆ ಹೋದ ಗುಳಿಗಳಲ್ಲಿ ಆಪರೇಷನ್ ಮಾಡಿ ಮೂಳೆಪುಡಿ ತುಂಬಿ ಒಂದಷ್ಟು ಬೆಳೆಸಬಹುದು. ಸುತ್ತಲೂ ಸಮನಾಗಿ ತಗ್ಗಿದ ಮೂಳೆಗೆ ಆ ಭರವಸೆ ಕೊಡಲಾರೆ.

ಮನೇಲಿ ನಾನು ಏನು ಮಾಡಬೇಕು? ಗಟ್ಟಿ ಬ್ರಶ್ ತಗೊಳ್ಳಲಾ?

ಮೆತ್ತನೆ ಬ್ರಶ್ ಸಾಕು. ಪಾಚಿ ಮೆತ್ತಗಿರುವಾಗ ತೆಗೆಯಲು ಬಲ ಬೇಡ, ಜಾಗ ತಪ್ಪಬಾರದು ಅಷ್ಟೇ. ಬ್ರಶ್ಶಿನ ಕೂದಲು ಹಲ್ಲಿನ ಮೇಲೆ ಅರ್ಧ, ವಸಡಿನ ಮೇಲೆ ಅರ್ಧ ಬರುವ ಹಾಗೆ 45 ಡಿಗ್ರಿ ವಾಲಿಸಿ. ಅಲ್ಲೇ ಸಣ್ಣದಾಗಿ ನಡುಗಿಸಿ, ಆಮೇಲೆ ಹಲ್ಲಿನ ತುದಿ ಕಡೆ ಎಳೆಯಿರಿ. ಪಾತ್ರೆ ಉಜ್ಜಿದ ಹಾಗೆ ಅಡ್ಡಡ್ಡ ಬೇಡ. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವವರೇ ಜಾಸ್ತಿ. ಅಲ್ಲೇ ಉಜ್ಜಬೇಕು. ವಾರದಲ್ಲಿ ರಕ್ತ ಕಡಿಮೆಯಾಗದಿದ್ದರೆ ಒಳಗೆ ಗಾರೆ ಇದೆ, ಅದು ಬ್ರಶ್ಶಿಗೆ ಬರಲ್ಲ.

ಬೇವಿನ ಕಡ್ಡಿ ಆದೀತು, ಆದರೆ ಒಳಬದಿಗೆ ಮುಟ್ಟಲ್ಲ. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ. ಹಲ್ಲಿನ ಸಂದಿ ದೊಡ್ಡದಾಗಿದ್ದರೆ ಇಂಟರ್‌ಡೆಂಟಲ್ ಬ್ರಶ್ ತಗೊಳ್ಳಿ. ಬಾಟಲಿ ತೊಳೆಯುವ ಬ್ರಶ್ಶಿನ ಮರಿಯ ಹಾಗಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಯಾವ ಸೈಜು ಅಂತ ಡಾಕ್ಟರನ್ನು ಕೇಳಿ.

ಒಂದು ಸಲ ಕ್ಲೀನ್ ಮಾಡಿಸಿದರೆ ಎಷ್ಟು ವರ್ಷ ಬರುತ್ತೆ?

ವರ್ಷದ ಲೆಕ್ಕ ಇಲ್ಲ. ಪೆರಿಯೊಡಾಂಟೈಟಿಸ್ ಇದ್ದವರನ್ನು ಮೂರು ತಿಂಗಳಿಗೊಮ್ಮೆ ಕರೆಯುತ್ತೇನೆ, ನೆಟ್ಟಗಿದ್ದರೆ ಆರು ತಿಂಗಳಿಗೆ. ಪಾಕೆಟ್ಟಿನ ಕೇರಿ ಮತ್ತೆ ತುಂಬಿಕೊಳ್ಳಲು ಹೆಚ್ಚು ಕಾಲ ಬೇಡ.

ಕಳೆದ ತಿಂಗಳು ಒಬ್ಬ ಹೂವಿನ ಅಂಗಡಿಯಮ್ಮ ಮೂರನೇ ಸಲ ಬಂದಿದ್ದರು. ಮೊದಲ ಸಲ ಪ್ರೋಬ್ ಇಳಿಸಿದ ಕಡೆಯೆಲ್ಲ ರಕ್ತ. ಈ ಸಲ ಕೆಳದವಡೆ ಪೂರ್ತಿ ಸುತ್ತಿ ಬಂದೆ, ಕಪ್ಪು ಪಟ್ಟಿ ಹೊರಗೇ ಇತ್ತು, ಕಾದರೂ ಚುಕ್ಕೆ ಮೂಡಲಿಲ್ಲ. ಬಲಗಡೆ ಕೊನೆಯ ದವಡೆ ಹಲ್ಲಿನ ಹಿಂದೆ ಮಾತ್ರ ಒಂದು ಚುಕ್ಕೆ. ಕನ್ನಡಿ ಕೊಟ್ಟು ತೋರಿಸಿದೆ. "ಅಲ್ಲಿಗೆ ಬ್ರಶ್ ಹೋಗಲ್ಲ ಡಾಕ್ಟ್ರೇ, ವಾಂತಿ ಬಂದಂಗಾಗುತ್ತೆ" ಅಂದರು. ಮಕ್ಕಳ ಬ್ರಶ್ ತಗೊಳ್ಳಿ, ತಲೆ ಚಿಕ್ಕದಿರುತ್ತೆ ಅಂದೆ.